ಗೇಟಿನ ಹೊರಗೆ ಎರಡು ಕುರ್ಚಿ

ಫೈಬರ್ ಬಾಗಿಲು ಅಚ್ಚಿಗೆ ಅಂಟದಿರಲೆಂದು ನಡುವೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಕಾರ್ಖಾನೆಯ ಮುದಿ ಸ್ಟೋರ್‌ಕೀಪರ್ ಈ ಸಲ ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ ಹಾಳೆ ಆರಿಸಿದ. ಬಾಗಿಲು ಸಲೀಸಾಗಿ ಎದ್ದು ಬಂತು. ಆದರೂ ಹಾಳೆ ಹಳೇ ಪ್ಲಾಸ್ಟಿಕ್ಕಿನದೆಂದು ತಿಳಿದ ಮ್ಯಾನೇಜರ್ ವಾಮನರಾಯರು ಗುಡುಗಿದರು: "ಒಂದು ಸಲ ಕೆಲಸ ಮುಗಿಸಿ ಹೊರಬಿದ್ದದ್ದು ನನ್ನ ಗೇಟು ದಾಟಿ ಒಳಗೆ ಬರಕೂಡದು. ಹಾಗಂತ ಬೋರ್ಡು ಹಾಕು!"

ಗೇಟಿಗೆ ಬೋರ್ಡು ಹಾಕಿದ್ದಾಯಿತು. ಮರುದಿನ ಮುದುಕ ಬುತ್ತಿ ಹಿಡಿದು ಗೇಟಿನ ಹೊರಗೇ ಕೂತಿದ್ದ. ಪಕ್ಕದಲ್ಲೊಂದು ಖಾಲಿ ಕುರ್ಚಿ.

"ಇಲ್ಲೇನಯ್ಯಾ ಮಾಡ್ತಿದ್ದೀಯ?" ರಾಯರು ಕೇಳಿದರು.

"ನಾನು ರಿಟೈರಾಗಿ ಮತ್ತೆ ಬಂದವನು ಸಾರ್. ಒಳಗೆ ಬರೋ ಹಾಗಿಲ್ಲ. ಮನೆಗೆ ಹೋದರೆ ಮಾತಾಡಿಸೋಕೆ ಗೋಡೆ ಮಾತ್ರ."

"ಈ ಕುರ್ಚಿ ಯಾರಿಗೆ?"

"ತಾವೂ ಹಳೇ ಕಂಪನೀಲಿ ರಿಟೈರಾಗಿಯೇ ಬಂದಿದ್ದಲ್ವಾ ಸಾರ್?"

ರಾಯರು ಬೋರ್ಡು ಓದಿದರು. ಕುರ್ಚಿ ನೋಡಿದರು. ಮೆಲ್ಲಗೆ ಕೂತರು.

"ನಮ್ಮ ಮನೇಲೂ ಗೋಡೇನೇ ಕಣಯ್ಯಾ. ಬೋರ್ಡು ಇಳಿಸು, ಆ ಹಾಳೇನೇ ತರಿಸು. ಅವಸರ ಇಲ್ಲ, ಟೀ ಕುಡಿದು ಏಳೋಣ."