ಅಳಿಲಿನ ತಕರಾರು

ಅವ್ವ ತೀರಿಕೊಂಡ ಮೇಲೆ ಗಿಳಿಯೊಂದು ಪಂಚಾಯಿತಿಯ ಬಾಡಿಗೆ ಪೊಟರೆಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಕೇಳಿತು. ಅಧ್ಯಕ್ಷ ಕೊಕ್ಕರೆ ಒಂಟಿಕಾಲಲ್ಲಿ ನಿಂತು, "ತಾಯಿಯ ಜೊತೆ ಕೊನೆಯವರೆಗೂ ವಾಸವಿದ್ದ ಮಕ್ಕಳಿಗೆ ಮಾತ್ರ ಪೊಟರೆ. ನೀನಿದ್ದೆ ಎನ್ನಲು ಸಾಕ್ಷಿ ಯಾರು?" ಎಂದಿತು.

ಗಿಳಿ ತನ್ನ ಮರದ ಕಡೆ ನೋಡಿತು. ಆ ಮರದಲ್ಲಿ ಬೇರೆ ಇದ್ದದ್ದು ಕೆಳಕೊಂಬೆಯ ಅಳಿಲೊಂದೇ. ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಅಳಿಲು ಕರೆಯದೆಯೇ ಓಡಿಬಂತು. "ಕೊಡಬೇಡಿ ಸ್ವಾಮಿ! ಇದು ಹುಟ್ಟಿದಾಗಿನಿಂದ ನನಗೆ ನಿದ್ದೆಯಿಲ್ಲ. ಬೆಳಗಾದರೆ ತಾಯಿ ಮಗ ಸೇರಿ ಕಿರಿಚುವುದು, ನನ್ನ ನೆತ್ತಿಗೆ ಸೀಬೆಬೀಜ ಉಗುಳುವುದು!"

"ತಾಯಿ ಸಾಯುವವರೆಗೂ?"

"ಒಂದು ದಿನ ತಪ್ಪಿಲ್ಲ, ಆಣೆ ಮಾಡುತ್ತೇನೆ!"

"ಸಾಕ್ಷಿ ಸಿಕ್ಕಿತು. ಪೊಟರೆ ಗಿಳಿಗೆ," ಎಂದು ಕೊಕ್ಕರೆ ಹಾರಿಹೋಯಿತು.

ಮರುದಿನ ಬೆಳಗ್ಗೆ ಅಳಿಲಿನ ನೆತ್ತಿಗೆ ಇಡೀ ಸೀಬೆಹಣ್ಣೇ ಬಿತ್ತು. "ನಿನಗೇ ಕಣೋ, ತಿನ್ನು!" ಎಂದು ಗಿಳಿ ಮೇಲಿನಿಂದ ಕಿರಿಚಿತು.