ತಳದ ಬೇಳೆ

"ಅಜ್ಜನವರೇ, ಕಣ್ಣಾರೆ ಕಂಡದ್ದನ್ನು ನಂಬಬೇಕೋ, ಇನ್ನೊಬ್ಬರು ಹೇಳಿದ್ದನ್ನು ನಂಬಬೇಕೋ?"

ಹೀಗೆ ಕೇಳಿದವಳು ಶಶಿಕಲಾ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ. ಎರಡು ವರ್ಷದಿಂದ ಅಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಕೂಡ ಆಗಿದ್ದಾಳೆ. ಹಾಸ್ಟೆಲಿನೊಳಗೇ ಅವಳ ವಾಸ. ಮಠದ ಅಜ್ಜನವರು ಅವಳಿಗೆ ಚಿಕ್ಕಂದಿನಿಂದಲೂ ಗುರು.

"ನೀನು ಕಂಡದ್ದೇನು? ಅವರು ಹೇಳಿದ್ದೇನು?" ಎಂದು ಅಜ್ಜನವರು ಕೇಳಿದರು.

ಹನ್ನೊಂದು ಹುಡುಗಿಯರು ಸಹಿ ಮಾಡಿ ಒಂದು ಅರ್ಜಿ ಕೊಟ್ಟಿದ್ದರು. ಗೇಟಿನ ಕಾವಲುಗಾರ ಬಾಯಿಗೆ ಬಂದ ಹಾಗೆ ಮಾತಾಡುತ್ತಾನೆ ಎಂಬುದು ಅವರ ದೂರು. ಶಶಿಕಲಾ ದಿನಕ್ಕೆ ನಾಲ್ಕು ಸಲ ಅದೇ ಗೇಟು ದಾಟುತ್ತಾಳೆ. ಅವಳನ್ನು ಕಂಡರೆ ಆತ ಎದ್ದು ನಿಂತು ಕೈ ಮುಗಿಯುತ್ತಾನೆ. ವಿಚಾರಿಸಿದಾಗ ಕಣ್ಣೀರು ಹಾಕಿದ.

"ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಬರೆದಿಟ್ಟಿದ್ದೇನೆ. ನಾಳೆ ಮೇಲಿನವರಿಗೆ ಕಳಿಸಬೇಕು. ನಾನು ಎಲ್ಲೋ ದೂರದ ಬಂಗಲೆಯಲ್ಲಿ ಕೂತವಳಲ್ಲ, ಅಜ್ಜನವರೇ. ಅವರ ಜೊತೆಯಲ್ಲೇ ಇರುವವಳು. ನನ್ನ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಹೇಗೆ ಬಿತ್ತು?"

ಅಜ್ಜನವರು ನಕ್ಕರು. "ಹಾಗಾದರೆ ನೀನು ಕೇಳಲು ಬಂದವಳಲ್ಲ ತಂಗಿ, ಹೌದು ಅನ್ನಿಸಿಕೊಳ್ಳಲು ಬಂದವಳು. ಇರಲಿ. ಬಂದದ್ದು ಬಂದೆ, ಒಂದು ಕತೆ ಕೇಳಿಕೊಂಡು ಹೋಗು" ಎಂದು ಹೇಳತೊಡಗಿದರು.

ಒಂದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಒಬ್ಬ ವಾರ್ಡನ್ ಇದ್ದಳು. ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವಳ ಕತೆಯಾಗಿದ್ದರೆ ಹೇಳುವ ಅಗತ್ಯವೇ ಇರಲಿಲ್ಲ. ಕೆಟ್ಟವರನ್ನು ನೋಡಿ ನಾವೆಲ್ಲ ನಾವಾಗಿಯೇ ಬುದ್ಧಿ ಕಲಿಯುತ್ತೇವೆ.

ಅವಳಿಗಿಂತ ಮೊದಲಿದ್ದವರು ಊರೊಳಗೆ ಮನೆ ಮಾಡಿಕೊಂಡು, ವಾರಕ್ಕೊಮ್ಮೆ ಬಂದು ಸಹಿ ಹಾಕಿ ಹೋಗುತ್ತಿದ್ದರು. ಇವಳು ಮೆಟ್ಟಿಲ ಪಕ್ಕದ ಎರಡು ಕೋಣೆಗಳಲ್ಲಿ ಬಂದು ನೆಲೆಸಿದಳು. ಯಾವ ಹುಡುಗಿಗೆ ಜ್ವರ ಬಂದರೂ ಗಂಜಿ ಕಾಯಿಸಿಕೊಟ್ಟಳು. ಮಾತು ಬಿಟ್ಟ ಜೊತೆಗಾರ್ತಿಯರನ್ನು ಎದುರೆದುರು ಕೂರಿಸಿ, ಅವರ ಬಾಯಿ ಬಿಡಿಸಿ, ನಗಿಸಿ ಕಳಿಸಿದಳು. ಓದು ಬಿಡಿಸಿ ಮದುವೆ ಮಾಡುತ್ತೇನೆ ಎಂದ ಅಪ್ಪಂದಿರಿಗೆ ತಾನೇ ಫೋನು ಮಾಡಿ, ಬೇಡಿಕೊಂಡು, ಬೈಸಿಕೊಂಡು, ಮತ್ತೆ ಫೋನು ಮಾಡಿದಳು.

ಊಟವೂ ಅಲ್ಲೇ. ತಟ್ಟೆ ಹಿಡಿದು ಹುಡುಗಿಯರ ಸಾಲಿನಲ್ಲಿ ನಿಲ್ಲುತ್ತಿದ್ದಳು. ಮುಂದೆ ಬನ್ನಿ ಎಂದು ಯಾರು ಕರೆದರೂ ಹೋಗುತ್ತಿರಲಿಲ್ಲ. ಅವರ ನಡುವೆ ಕೂತು ಉಣ್ಣುತ್ತಿದ್ದಳು. ಉಣ್ಣುವಾಗ ಅವಳ ಕಣ್ಣು ಹುಡುಗಿಯರ ಮುಖದ ಮೇಲೆ ಇರುತ್ತಿತ್ತು. ಯಾರು ಅತ್ತಿದ್ದಾರೆ, ಯಾರಿಗೆ ನಿದ್ದೆಯಿಲ್ಲ, ಯಾರಿಗೆ ಮನೆಯ ನೆನಪು ಕಾಡುತ್ತಿದೆ ಎಂದು ಒಬ್ಬೊಬ್ಬರನ್ನೇ ನೋಡುತ್ತಿದ್ದಳು. "ನಾವೆಲ್ಲ ಒಂದೇ ಹಂಡೆಯದ್ದು ಉಣ್ಣುವವರು" ಎಂದು ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇರುತ್ತಿತ್ತು. ಇರಲಿ ಬಿಡು, ಅಷ್ಟು ಹೆಮ್ಮೆ ಪಡುವ ಯೋಗ್ಯತೆ ಅವಳಿಗಿತ್ತು.

ಆದರೆ ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಹಾಸ್ಟೆಲಿನ ಅಡುಗೆಯವಳು ಕಲ್ಲವ್ವ. ಒಂದು ಸಲ ಅವಳ ಗಂಡ ಆಸ್ಪತ್ರೆ ಸೇರಿದಾಗ, ಈ ವಾರ್ಡನ್ ಮೂರು ದಿನ ಅವನ ಮಂಚದ ಪಕ್ಕ ಕೂತು ನೋಡಿಕೊಂಡಿದ್ದಳು. ಕಲ್ಲವ್ವ ಅದನ್ನು ಮರೆಯಲಿಲ್ಲ. ಹುಡುಗಿಯರು ತಟ್ಟೆ ಚಾಚಿದಾಗ ಅವಳ ಸೌಟು ಹಂಡೆಯ ಮೇಲ್ಮೈಯಲ್ಲಿ ಆಡುತ್ತಿತ್ತು. ವಾರ್ಡನ್ ತಟ್ಟೆ ಚಾಚಿದಾಗ ಅದು ತಳಕ್ಕೆ ಇಳಿದು, ಒಮ್ಮೆ ತಿರುಗಿ, ಮೇಲೆ ಬರುತ್ತಿತ್ತು. ಹಂಡೆ ಒಂದೇ. ತಳದಲ್ಲಿ ಬೇಳೆ, ಮೇಲೆ ನೀರು.

ಕಲ್ಲವ್ವ ಕಳ್ಳಿಯಲ್ಲ. ಆ ವರ್ಷ ಹಾಸ್ಟೆಲಿಗೆ ಹೊಸ ಕಟ್ಟಡ ಸೇರಿ ನಲವತ್ತು ಹುಡುಗಿಯರು ಹೆಚ್ಚಾಗಿದ್ದರು. ಉಗ್ರಾಣದಿಂದ ಬರುವ ಬೇಳೆ ಮಾತ್ರ ಹಳೆಯ ಅಳತೆಯದೇ. ಎರಡು ಸಲ ಕೇಳಿದಳು. ಮೇಲಿನಿಂದ ಕಾಗದ ಬರಲಿ ಎಂದರು. ಎರಡು ಕೊಡ ನೀರು ಹೆಚ್ಚಿಗೆ ಸುರಿದು ಸಂಭಾಳಿಸಿದಳು. ವಾರ್ಡನ್‌ಗೆ ಹೇಳಲಿಲ್ಲ. ಅಕ್ಕನವರಿಗೆ ಮೊದಲೇ ನೂರೆಂಟು ತಲೆನೋವು, ಅದರ ಮೇಲೆ ಇದೊಂದು ಯಾಕೆ ಎಂಬುದು ಅವಳ ಲೆಕ್ಕಾಚಾರ. ಪ್ರೀತಿಯ ಲೆಕ್ಕಾಚಾರ ಹಾಗೇ ಇರುತ್ತದೆ.

ದಸರೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅರ್ಧ ಹಾಸ್ಟೆಲು ಊಟ ಬಿಟ್ಟು ಅಂಗಳದಲ್ಲಿ ಕೂತಿತು. ಎಲ್ಲರ ಮುಂದೆಯೂ ಬೋರಲು ಹಾಕಿದ ತಟ್ಟೆ. ಮುಂದೆ ನಿಂತು ಮಾತಾಡಿದವಳು ಮಹಾನಂದಾ ಎಂಬ ಹುಡುಗಿ. ದೂರದ ಹಳ್ಳಿಯವಳು, ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ವಿಶ್ವವಿದ್ಯಾಲಯದ ಅಧಿಕಾರಿಗಳು ಬಂದು ಏನು ನಿಮ್ಮ ತಕರಾರು ಎಂದರು.

"ಬ್ಯಾಳಿ ಅಂತ ನೀರು ಹಾಕ್ತಾರ್ರಿ. ವಾರ್ಡನ್ ಮೇಡಮ್ಮಾರಿಗೂ ಗೊತ್ತೈತಿ. ಗೊತ್ತಿದ್ದೂ ಸುಮ್ಮನದಾರ" ಎಂದಳು ಮಹಾನಂದಾ.

ಅಂಗಳದ ಅಂಚಿನಲ್ಲಿ ನಿಂತಿದ್ದ ವಾರ್ಡನ್‌ಗೆ ಎದೆಗೆ ಒದ್ದಂತಾಯಿತು. ಬೇಳೆಯ ಮಾತು ಹೋಗಲಿ. 'ಗೊತ್ತಿದ್ದೂ' ಎಂದಳಲ್ಲ, ಅದು ಅವಳನ್ನು ಸುಟ್ಟಿತು. ಇದೇ ಹುಡುಗಿ ಟೈಫಾಯ್ಡ್ ಬಂದು ಮಲಗಿದ್ದಾಗ ಹಣೆ ಒರೆಸಿದವಳು ತಾನೇ.

ಆದರೂ ನ್ಯಾಯ ಬಿಡಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಪ್ರಮಾಣಿಸಲು ಹೊರಟಳು. ಮೂರು ದಿನ ಸಾಲಿನಲ್ಲಿ ನಿಂತು ಬೇಳೆ ಹಾಕಿಸಿಕೊಂಡು, ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳಿಗೆ ಅಂಟುವಷ್ಟು ಗಟ್ಟಿ. ನಾಲಗೆಗೆ ರುಚಿ. ಅಡುಗೆಮನೆಗೆ ಹೋಗಿ ಕಲ್ಲವ್ವನನ್ನೇ ಕೇಳಿದಳು.

ಕಲ್ಲವ್ವ ಹೆದರಿದಳು. ಸೆರಗಿನ ತುದಿ ಹಿಡಿದುಕೊಂಡು, "ದಿನಾ ನೀವ ಉಣ್ತೀರಲ್ರೀ ಅಕ್ಕಾರ. ನಾ ಏನ್ ಹೇಳ್ಲಿ?" ಎಂದಳು.

ವಾರ್ಡನ್‌ಗೆ ಅಷ್ಟು ಸಾಕಾಯಿತು.

ಶಿಸ್ತು ಸಮಿತಿ ಕೂತಿತು. ಅವರು ಕೇಳಿದ್ದು ಒಂದೇ ಪ್ರಶ್ನೆ. ಹುಡುಗಿ ಹೇಳಿದ್ದು ನಿಜವೋ ಸುಳ್ಳೋ? ವಾರ್ಡನ್ ಎದ್ದು ನಿಂತು, "ನಾನು ಅದೇ ಹಂಡೆಯ ಬೇಳೆಯನ್ನು ದಿನಾ ಎರಡು ಹೊತ್ತು ಉಣ್ಣುತ್ತೇನೆ. ಹುಡುಗಿ ಹೇಳಿದ್ದು ಸುಳ್ಳು" ಎಂದಳು. ಅವಳ ಮಾತನ್ನು ಅನುಮಾನಿಸುವವರು ಆ ವಿಶ್ವವಿದ್ಯಾಲಯದಲ್ಲಿ ಒಬ್ಬರೂ ಇರಲಿಲ್ಲ. ಮಹಾನಂದಾಳನ್ನು ಒಂದು ವರ್ಷ ಹಾಸ್ಟೆಲಿನಿಂದ ಹೊರಗೆ ಹಾಕಿದರು. ಓದುವುದಕ್ಕೆ ಅಡ್ಡಿಯಿಲ್ಲ, ಹೊರಗೆ ಎಲ್ಲಾದರೂ ಇದ್ದು ಓದಲಿ ಎಂದರು. ಹೊರಗೆ ಎಲ್ಲಾದರೂ ಎಂದರೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಹುಡುಗಿ ಟ್ರಂಕು ಹೊತ್ತುಕೊಂಡು ಗೇಟು ದಾಟುವುದನ್ನು ವಾರ್ಡನ್ ಕಿಟಕಿಯಿಂದ ನೋಡಿ ಅತ್ತಳು. ಅತ್ತದ್ದು ನಿಜ.

ಎರಡು ತಿಂಗಳು ಕಳೆದವು. ಮಗಳ ಬಾಣಂತನಕ್ಕೆಂದು ಕಲ್ಲವ್ವ ರಜೆ ಹಾಕಿ ಊರಿಗೆ ಹೋದಳು. ಅವಳ ಬದಲಿಗೆ ಬಂದವಳಿಗೆ ಯಾರ ಪರಿಚಯವೂ ಇಲ್ಲ. ಅವಳಿಗೆ ಎಲ್ಲ ತಟ್ಟೆಯೂ ಒಂದೇ.

ಮೊದಲ ದಿನವೇ ವಾರ್ಡನ್ ಕೈ ಅನ್ನದ ಮೇಲೆ ನಿಂತಿತು. ಅನ್ನ ನೀರಲ್ಲಿ ತೇಲುತ್ತಿತ್ತು. ಅರಿಶಿನದ ಬಣ್ಣ ಬಿಟ್ಟರೆ ಬೇಳೆ ಎನ್ನುವುದಕ್ಕೆ ಗುರುತೇ ಇಲ್ಲ.

"ಇವತ್ತ ಬ್ಯಾಳಿಗೆ ಏನಾಗೇತಿ?" ಎಂದು ಗಟ್ಟಿಯಾಗಿ ಕೇಳಿದಳು.

ಸುತ್ತ ಕೂತವರು ಊಟ ನಿಲ್ಲಿಸಿ ಅವಳನ್ನು ನೋಡಿದರು. ಪಕ್ಕದಲ್ಲಿದ್ದ ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳು ಸಹಜವಾಗಿಯೇ ಹೇಳಿದಳು.

"ಯಾಕ್ರಿ ಮೇಡಂ? ಇವತ್ತ ಚೊಲೊ ಐತಲ್ರೀ."

ವಾರ್ಡನ್ ತಟ್ಟೆ ಬಿಟ್ಟು ಎದ್ದಳು. ಅಡುಗೆಮನೆಗೆ ಹೋಗಿ ತಾನೇ ಸೌಟು ಹಿಡಿದು ಹಂಡೆಯ ಮೇಲಿನದನ್ನು ಒಂದು ಬಟ್ಟಲಿಗೆ, ತಳದ್ದನ್ನು ಇನ್ನೊಂದು ಬಟ್ಟಲಿಗೆ ಹಾಕಿದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಆಮೇಲೆ ಅಲ್ಲೇ ಅಕ್ಕಿಯ ಚೀಲದ ಮೇಲೆ ಕೂತುಬಿಟ್ಟಳು.

ಉಗ್ರಾಣದವರನ್ನು ಕೇಳಿದಾಗ ನಲವತ್ತು ಹುಡುಗಿಯರ ವಿಷಯ ಹೊರಗೆ ಬಿತ್ತು. ಅವಳು ಒಂದು ಕಾಗದ ಬರೆದಳು. ವಾರದೊಳಗೆ ಬೇಳೆಯ ಅಳತೆ ಸರಿಯಾಯಿತು. ಒಂದೇ ಕಾಗದದ ಕೆಲಸ.

ಕಲ್ಲವ್ವ ಊರಿನಿಂದ ಬಂದಾಗ ವಾರ್ಡನ್ ಅವಳನ್ನು ಬೈಯಬೇಕೆಂದೇ ಕರೆಸಿದಳು. ಕಲ್ಲವ್ವ ತಲೆ ಬಗ್ಗಿಸಿ ನಿಂತು ಹೇಳಿದಳು. "ನನ್ನ ಗಂಡನ ಬಾಜೂಕ ಮೂರು ದಿನ ಕುಂತ್ರಿ. ನಿಮಗ ನಾ ಏನ್ ಕೊಡಾಕ ಆಗತೈತ್ರಿ ಅಕ್ಕಾರ? ಸೌಟು ಒಂದೀಟು ಕೆಳಗ ಬಿಡಾಕ ಬರತೈತಿ. ಅಷ್ಟ ಮಾಡೀನಿ."

ವಾರ್ಡನ್ ಅವಳನ್ನು ಬೈಯದೆ ಕೆಲಸಕ್ಕೆ ಕಳಿಸಿದಳು.

ಮರುದಿನ ಬಸ್ಸು ಹತ್ತಿ ಮಹಾನಂದಾಳ ಹಳ್ಳಿಗೆ ಹೋದಳು. ಅವಳ ತಾಯಿ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದಳು. ಹುಡುಗಿಯೂ ಅಲ್ಲೇ ಸಿಕ್ಕಳು. ಕೂದಲೆಲ್ಲ ಹಿಟ್ಟು. ಹಾಸ್ಟೆಲು ಬಿಟ್ಟ ಮೇಲೆ ಅವಳು ಒಂದು ದಿನವೂ ಕಾಲೇಜಿಗೆ ಹೋಗಿರಲಿಲ್ಲ, ಪರೀಕ್ಷೆಗಳು ಮುಗಿದುಹೋಗಿದ್ದವು. ವಾರ್ಡನ್ ಗಿರಣಿಯ ಬಾಗಿಲಲ್ಲೇ ನಿಂತು, ಜೋಳ ಬೀಸಿಸಲು ಬಂದವರೆಲ್ಲ ಕೇಳುವ ಹಾಗೆ, ತಪ್ಪು ನನ್ನದು ಎಂದಳು.

ಹುಡುಗಿ ಸಿಟ್ಟು ಮಾಡಲಿಲ್ಲ. ಗಿರಣಿ ನಿಲ್ಲಿಸಿ ಹೊರಗೆ ಬಂದಳು. "ನಿಮ್ಮ ತಾಟಿನ್ಯಾಗಿನ ಬ್ಯಾಳಿ ನಾವೆಲ್ಲಾರೂ ದಿನಾ ನೋಡ್ತಿದ್ವಿರಿ ಮೇಡಂ" ಎಂದಳು.

"ನೋಡಿದ್ರ ನನ್ನ ಮುಂದ ಯಾಕ ಹೇಳಲಿಲ್ಲವ್ವಾ?"

"ನಿಮಗ ಗೊತ್ತಿಲ್ಲ ಅಂತ ನಮಗ ಹೆಂಗ ಗೊತ್ತಾಗಬೇಕ್ರಿ?"

ವಾರ್ಡನ್ ಹಿಂತಿರುಗಿ ಬಂದು ಸಮಿತಿಯ ಮುಂದೆ ನಿಂತಳು. ನಾನು ಸುಳ್ಳು ಹೇಳಲಿಲ್ಲ, ಆದರೆ ನಾನು ಹೇಳಿದ್ದು ಸುಳ್ಳು ಎಂದು ತನ್ನ ಕೈಯಾರೆ ಬರೆದುಕೊಟ್ಟಳು. ಅವರು ಆಜ್ಞೆ ಹಿಂತೆಗೆದುಕೊಂಡರು. ಮುಂದಿನ ಜೂನ್‌ನಲ್ಲಿ ಮಹಾನಂದಾ ಟ್ರಂಕು ಹೊತ್ತು ಮತ್ತೆ ಬಂದಳು. ಜೊತೆಯಲ್ಲಿ ಓದಿದವರು ಮುಂದಿನ ತರಗತಿಗೆ ಹೋಗಿದ್ದರು. ಕಳೆದುಹೋದ ವರ್ಷವನ್ನು ಅವಳಿಗೆ ಯಾರಿಂದಲೂ ತಂದುಕೊಡಲಾಗಲಿಲ್ಲ.

ಇಷ್ಟು ಹೇಳಿ ಅಜ್ಜನವರು ಕತೆ ಮುಗಿಸಿದರು. ಆ ಹುಡುಗಿಗಾಗಿ ಮರುಗಿದ್ದಕ್ಕಿಂತ ಹೆಚ್ಚಾಗಿ ಶಶಿಕಲಾ ಆ ವಾರ್ಡನ್‌ಗಾಗಿ ಮರುಗಿದ್ದಳು.

"ಪಾಪ, ಅವಳದೇನು ತಪ್ಪು ಅಜ್ಜನವರೇ? ಮನೆ ಬಿಟ್ಟು ಬಂದು ಅವರ ನಡುವೆ ಇದ್ದಳು. ಅವರ ಸಾಲಿನಲ್ಲಿ ನಿಂತಳು, ಅವರ ಜೊತೆ ಉಂಡಳು. ದೂರು ಬಂದಾಗ ಪರೀಕ್ಷೆಯನ್ನೂ ಮಾಡಿದಳು. ಇದಕ್ಕಿಂತ ಹೆಚ್ಚಿಗೆ ತಿಳಿಯುವ ದಾರಿ ಅವಳಿಗೆ ಯಾವುದಿತ್ತು?"

ಅಜ್ಜನವರು ಅವಳ ಮುಖವನ್ನು ಅಕ್ಕರೆಯಿಂದ ನೋಡಿದರು.

"ಪಕ್ಕದವಳ ತಟ್ಟೆ ಒಂದು ಗೇಣು ದೂರದಲ್ಲಿತ್ತು, ತಂಗಿ."

ತಾನು ಬರೆದಿಟ್ಟ ಕಾಗದವನ್ನು ಶಶಿಕಲಾ ಮರುದಿನ ಮೇಲಿನವರಿಗೆ ಕಳಿಸಲಿಲ್ಲ.