ಹೊಲಸೇ ಇಲ್ಲದ ಅರಮನೆ

"ನಮ್ಮ ಅರಮನೆಯಿಂದ ಒಂದು ತೊಟ್ಟು ಹೊಲಸು ನೀರೂ ಹೊರಗೆ ಹೋಗುವುದಿಲ್ಲ," ಅಂದ ಬೊಮ್ಮಲಿಂಗ ನಾಯಕ, ಮೂಗು ಮುಚ್ಚಿಕೊಂಡೇ.

ಸಂತೆಗುಡ್ಡದಲ್ಲಿ ಆಗ ದೊರೆಯಿಂದ ಹಿಡಿದು ಎಲ್ಲರೂ ಮೂಗು ಮುಚ್ಚಿಕೊಂಡೇ ಮಾತಾಡುತ್ತಿದ್ದರು. ಸಂತೆ ಬೆಳೆದು, ಮನೆಗಳು ಮೂರು ಪಟ್ಟಾಗಿದ್ದವು. ಚರಂಡಿ ಮಾತ್ರ ನಾಯಕನ ಮುತ್ತಜ್ಜನ ಕಾಲದ್ದು. ಊರ ಕೊಳಕೆಲ್ಲ ತಗ್ಗಿನಲ್ಲಿ ಅಗಸರು ಬಟ್ಟೆ ಒಗೆಯುವ ಕಟ್ಟೆಯ ನೀರಿಗೆ ಬೀಳುತ್ತಿತ್ತು.

ನೀರು ತಿಳಿಯಾಗಲು ಮೂರು ದೊಡ್ಡ ಹೊಂಡ ತೋಡಬೇಕು ಅಂತ ತೀರ್ಮಾನವಾಗಿತ್ತು. ಎಲ್ಲಿ ಅನ್ನುವುದೇ ಜಗಳ.

"ಅಗಸರ ಕೇರಿ ಕೆಡವಿದರಾಯ್ತು," ಅಂದರು ದಿವಾನ ಶಾಂತಯ್ಯನವರು. "ಹೇಗೂ ನೀರು ಅಲ್ಲಿಗೇ ಹೋಗುತ್ತೆ."

ದೊರೆಯ ಬಟ್ಟೆಗಂಟು ತಂದಿದ್ದ ಅಗಸರ ಹೊನ್ನಮ್ಮ ಬಾಗಿಲಲ್ಲೇ ನಿಂತಿದ್ದಳು. "ನಮ್ಮ ಹದಿನೆಂಟು ಮನೆಯವರು ಎಲ್ಲಿಗೆ ಹೋಗಬೇಕು, ಬುದ್ಧಿ? ಈ ನಾತ ನಮ್ಮದಲ್ಲ, ಮೇಲಿನವರದು," ಅಂದಳು. ಅವಳ ಕಣ್ಣು ತುಂಬಿತ್ತು.

ಆಸ್ಥಾನದ ವಿದೂಷಕ ತುಂಗಣ್ಣ ಕೆಮ್ಮಿದ. ಅವನು ಕೆಮ್ಮಿದರೆ ಯಾರದೋ ಮರ್ಯಾದೆ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು.

"ಮಹಾಪ್ರಭು, ಯಾರ ಮನೆಯ ಹೊಲಸು ಹೆಚ್ಚೋ ಅವರ ಜಾಗದಲ್ಲೇ ಹೊಂಡ ಆಗಲಿ. ನ್ಯಾಯ ತಾನೆ?"

"ನ್ಯಾಯವೇ. ನಮ್ಮದಂತೂ ಇಲ್ಲ, ಆಗಲೇ ಹೇಳಿದೆ."

"ನಮ್ಮದು ಮಡಿವಂತರ ಮನೆ, ಇಲ್ಲವೇ ಇಲ್ಲ," ಅಂದರು ದಿವಾನರು.

"ನಾನು ಸ್ನಾನ ಮಾಡುವುದೇ ಹಬ್ಬಕ್ಕೆ," ಅಂದ ದಳವಾಯಿ ರುದ್ರಣ್ಣ. ಇದನ್ನು ಮಾತ್ರ ಸಭೆಯಲ್ಲಿ ಯಾರೂ ಅನುಮಾನಿಸಲಿಲ್ಲ.

ಹೀಗೇ ಪೇಟೆಯ ಶೆಟ್ಟರ ತನಕ ಒಬ್ಬೊಬ್ಬರೂ ಎದ್ದು ನಮ್ಮದಿಲ್ಲ, ನಮ್ಮದಿಲ್ಲ ಅಂದರು.

"ಹಾಗಾದರೆ ನಿಮಗೆಲ್ಲ ಬಚ್ಚಲ ಕಿಂಡಿ ಯಾಕೆ? ಸುಮ್ಮನೆ ಹೆಗ್ಗಣ ನುಗ್ಗುತ್ತವೆ," ಅಂದ ತುಂಗಣ್ಣ. "ಜೇಡಿಮಣ್ಣು ಮೆತ್ತಿಸಿಬಿಡೋಣ, ಅರಮನೆಯದಕ್ಕೂ. ಎಂಟು ದಿನದಲ್ಲಿ ಚರಂಡಿ ಒಣಗದಿದ್ದರೆ ಅಗಸರ ಕೇರಿಯನ್ನು ನಾನೇ ಕೆಡವುತ್ತೇನೆ."

ಬೇಡ ಅಂದರೆ ಸುಳ್ಳು ಒಪ್ಪಿಕೊಂಡ ಹಾಗಾಗುತ್ತಿತ್ತು. ಎಲ್ಲರೂ ಹೂಂ ಅಂದರು.

ಎಂಟು ದಿನ ಯಾಕೆ, ಮೂರನೇ ದಿನಕ್ಕೇ ಚರಂಡಿಯಲ್ಲಿ ಕೋಳಿಗಳು ಕೆದಕುತ್ತಿದ್ದವು. ಹೊನ್ನಮ್ಮ ಕಟ್ಟೆಯ ಮೇಲೆ ಕೂತು ಆರಾಮಾಗಿ ಎಲೆ ಅಡಿಕೆ ಹಾಕಿಕೊಂಡಳು.

ನಾಲ್ಕನೇ ದಿನ ಬೆಳಿಗ್ಗೆ ದಿವಾನರು ಪಂಚೆ ಎತ್ತಿ ಹಿಡಿದು ಓಡಿಬಂದರು. "ತುಂಗಣ್ಣ, ಆ ಮಣ್ಣು ತೆಗೆಸಪ್ಪ. ಮನೆಯೊಳಗೆ ನೀರು ನಿಂತಿದೆ."

"ಎಲ್ಲಿಯ ತನಕ, ಸ್ವಾಮಿ?"

"ಮೊಣಕಾಲ ತನಕ."

ತುಂಗಣ್ಣ ಓಲೆಗರಿಯಲ್ಲಿ ಬರೆದುಕೊಂಡ. ಹಿಂದೆಯೇ ದಳವಾಯಿ ಬಂದ, ತೊಡೆಯ ತನಕ ಒದ್ದೆಯಾಗಿ. ಅವತ್ತು ಹಬ್ಬವೇನೂ ಇರಲಿಲ್ಲ.

ಕೊನೆಗೆ ನಾಯಕನೇ ತೊಟ್ಟಿಕ್ಕುತ್ತ ಬಂದ. "ಸೊಂಟದ ತನಕ ಬಂದಿದೆಯಪ್ಪ. ರಾಣಿಯವರು ಮಂಚದಿಂದ ಇಳಿಯುತ್ತಿಲ್ಲ, ನನ್ನನ್ನು ಹತ್ತಿಸಿಕೊಳ್ಳುತ್ತಲೂ ಇಲ್ಲ. ನೀನು ಅದೇನು ಬರೀತಿದೀಯ?"

"ಹೊಂಡದ ಅಳತೆ, ಮಹಾಪ್ರಭು. ಬಾಯಲ್ಲಿ ಕೇಳಿದರೆ ಯಾರೂ ಹೇಳಲಿಲ್ಲ. ಈಗ ಎಲ್ಲರೂ ಮೈಮೇಲೇ ಗುರುತು ಹಾಕಿಕೊಂಡು ಬಂದಿದ್ದೀರಿ. ಮೊಣಕಾಲು ದಿವಾನರದು, ತೊಡೆ ದಳವಾಯಿಗಳದು. ಸೊಂಟದ ತನಕ ಬಂದದ್ದು ಒಬ್ಬರಿಗೇ. ಜಾಗ ಅವರದೇ ಅಲ್ಲವೆ?"

ನಾಯಕ ತನ್ನ ಸೊಂಟ ನೋಡಿಕೊಂಡ. ಸಿಟ್ಟು ಮಾಡಬೇಕು ಅಂತಿದ್ದವನಿಗೆ ನಗು ತಡೆಯಲಾಗಲಿಲ್ಲ. "ಆಯ್ತು, ಕೋಟೆ ಕೆಳಗಿನ ನನ್ನ ತೋಟದಲ್ಲೇ ತೋಡಿಸು. ಅಗಸರ ಕೇರಿ ಮುಟ್ಟಬೇಡ. ಊರು ಇನ್ನೂ ಬೆಳೆಯುತ್ತೆ, ಅಳತೆ ದುಪ್ಪಟ್ಟು ಇರಲಿ."

ಹಾಗಂದವನೇ ಹೆಗಲ ಮೇಲಿನ ಜರಿಶಾಲು ತೆಗೆದು ಬಹುಮಾನ ಅಂತ ಚಾಚಿದ.

ತುಂಗಣ್ಣ ಮೂಗು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ಹೊಂಡ ಮುಗಿದು ಕಟ್ಟೆ ತಿಳಿಯಾಗಲಿ, ಪ್ರಭು. ಹೊನ್ನಮ್ಮ ಒಗೆದ ಮೇಲೆ ತಗೋತೀನಿ."